ಸಬ್ಬಸಿಗೆ ಕಟ್ಟು ಮತ್ತು ಬೀಗಿತ್ತಿಯ ಪಥ್ಯ

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಮಗಳ ಮಗಳು ಹೆತ್ತಿದ್ದಳು. ಬಾಣಂತನ ಹೊಸಕೋಟೆಯಲ್ಲಿ, ನನ್ನ ಮಗಳ ಮನೆಯಲ್ಲಿ. ಅಲ್ಲಿ ಯಜಮಾನಿಕೆ ಮಗಳ ಅತ್ತೆಯದು, ಅಂದರೆ ನನ್ನ ಬೀಗಿತ್ತಿಯದು.

ನಾನು ದೊಡ್ಡಬಳ್ಳಾಪುರದಿಂದ ಹೋಗಿ ಬಸ್ಸಿಳಿದು ಮನೆ ಸೇರಿದರೆ ಕೂಸು ಒಂದೇ ಸಮ ಅಳುತ್ತಿತ್ತು. ಎದೆಹಾಲು ಸಾಲುತ್ತಿಲ್ಲ. ತೂಕ ಏರದಿದ್ದರೆ ಡಬ್ಬಿ ಹಾಲು ಶುರು ಮಾಡಬೇಕು ಎಂದು ನರ್ಸಮ್ಮ ಹೇಳಿ ಹೋಗಿದ್ದಳಂತೆ.

ಮೊಮ್ಮಗಳ ತುಟಿ ನೋಡಿದೆ. ಒಣಗಿ ಸಿಪ್ಪೆ ಎದ್ದಿತ್ತು.

"ನೀರು ಕುಡೀತೀಯೇನೇ?"

ಉತ್ತರ ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿಯಿಂದ ಬಂತು. "ಬಾಣಂತಿಗೆ ನೀರು ಕುಡಿಸಿ ಕೂಸಿಗೆ ಶೀತ ಹತ್ತಿಸೋಣ್ವಾ ಬೀಗ್ರೇ? ನೀವು ಹೆತ್ತಿರೋದು ಮೂರು. ನಾನು ಏಳು ಹೆತ್ತೋಳು."

ಜಗಳಕ್ಕೆ ನಿಂತರೆ ಹುಡುಗಿಗೆ ಬೈಗುಳ ಸಿಗುತ್ತದೆ, ನೀರು ಸಿಗುವುದಿಲ್ಲ. ಸುಮ್ಮನೆ ಚೀಲ ಬಿಚ್ಚಿದೆ. ನಮ್ಮ ಹಿತ್ತಿಲಿನ ಸಬ್ಬಸಿಗೆ ಸೊಪ್ಪು. ಬೀಗಿತ್ತಿಯ ಮುಖ ಅರಳಿತು. (ಬಾಣಂತಿಗೆ ಸಬ್ಬಸಿಗೆ ಬೇಡ ಎನ್ನುವ ಮುದುಕಿ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.)

ಸಬ್ಬಸಿಗೆ ಎಂದರೆ ಸಾಮಾನ್ಯವೇ? ಅಕ್ಕಿರೊಟ್ಟಿಗೆ ಹೆಚ್ಚಿ ಹಾಕಿದರೆ ಪಕ್ಕದ ಮನೆಯವರೂ ಇಣುಕುತ್ತಾರೆ. ಹೊಟ್ಟೆ ಉಬ್ಬರಿಸಿದರೆ ಅದರ ಬೀಜ ಅಗಿಯುತ್ತೇವೆ. ಹಾಲಿಳಿಯಲಿ ಎಂದು ನನ್ನ ತಾಯಿ ನನಗೆ ತಿನ್ನಿಸಿದಳು, ನಾನು ಮಗಳಿಗೆ ತಿನ್ನಿಸಿದೆ.

ತೊಗರಿಬೇಳೆ ಜೊತೆ ಬೇಯಲು ಇಟ್ಟೆ. ಎರಡು ಹಿಡಿ ಸೊಪ್ಪು, ಪಾತ್ರೆ ತುಂಬ ನೀರು. ಬಸಿದ ತಿಳಿಯೇ ಕಟ್ಟು. ಅದಕ್ಕೆ ಬೆಳ್ಳುಳ್ಳಿ, ಮೆಣಸು, ಜೀರಿಗೆ ಕುಟ್ಟಿ ಹಾಕಿ ಲೋಟ ಲೋಟ ಕೊಟ್ಟೆ.

"ಇಷ್ಟೊಂದಾ?" ಎಂದಳು ಬೀಗಿತ್ತಿ.

"ನೀರಲ್ಲ ಬೀಗ್ರೇ, ಸಬ್ಸಿಗೆ ಕಟ್ಟು. ಬ್ಯಾಡಾಂದ್ರೆ ಚೆಲ್ಬಿಡ್ತೀನಿ."

"ಚೆಲ್ಬ್ಯಾಡಿ. ಸಬ್ಸಿಗೆ ತಾನೇ, ಕುಡೀಲಿ."

ಒಂದು ವಾರ ಮೂರು ಹೊತ್ತೂ ಅದೇ. ಹಾಲಿಳಿಯಿತು. ಕೂಸು ಹೊಟ್ಟೆ ತುಂಬ ಕುಡಿದು ಮಲಗತೊಡಗಿತು. ನರ್ಸಮ್ಮ ಬಂದು ತೂಗಿ, "ಡಬ್ಬಿ ಏನೂ ಬೇಡ. ಏನು ಕೊಟ್ರಿ?" ಎಂದಳು.

"ಸಬ್ಸಿಗೆ," ಎಂದಳು ಬೀಗಿತ್ತಿ, ತಾನೇ ಬೆಳೆಸಿದವಳ ಹಾಗೆ.

ಕೆಲಸ ಮಾಡಿದ್ದು ಸೊಪ್ಪೋ, ನೀರೋ? ನನ್ನನ್ನು ಕೇಳಿದರೆ ಎರಡೂ. ಆದರೆ ಆ ಮನೆಯಲ್ಲಿ ನೀರನ್ನು ಬಾಣಂತಿ ಕೋಣೆಯ ಹೊಸ್ತಿಲು ದಾಟಿಸಿದ್ದು ನಮ್ಮ ಸೊಪ್ಪು. ಅಂಥ ಮರ್ಯಾದೆ ಯಾವ ಟಾನಿಕ್ಕಿಗಿದೆ?

ಸರಿ, ನಾನು ಊರಿಗೆ ಹೊರಟ ಮೇಲೆ ಕಟ್ಟು ಬಸಿಯುವವರು ಯಾರು?

ಮಾರನೆಯ ಬೆಳಗ್ಗೆ ಬೀಗಿತ್ತಿಯ ಕಣ್ಣೆದುರೇ ಚೊಂಬು ತುಂಬ ನೀರು ತಂದು ಮೊಮ್ಮಗಳ ಕೈಗಿಟ್ಟೆ. "ವಾರವೆಲ್ಲ ಕಟ್ಟಲ್ಲಿ ಕುಡ್ದಿದ್ದು ಇದೇ ನೀರು ಬೀಗ್ರೇ, ಕೂಸಿಗೆ ಶೀತ ಹತ್ತಿತಾ?" ಎಂದೆ.