ಬುರಿಟೊದೊಳಗಿನ ರಾಜ್ಮಾ

ಸ್ನೇಹಿತರೇ, ಬೆಳಗ್ಗೆಯಿಂದ ನನಗೆ ಕೈಕಾಲೇ ಆಡುತ್ತಿಲ್ಲ. ನಾವಿರುವ ಪಟ್ಟಂನಿಂದ ಬಸ್ಸಲ್ಲಿ ಕೊಚ್ಚಿಗೆ ಹೊರಟ ನಮ್ಮ ಯಜಮಾನರಿಗೆ ಚಪಾತಿಯಲ್ಲಿ ಅನ್ನ, ರಾಜ್ಮಾ ಸುತ್ತಿ ಎರಡು ಬುರಿಟೊ ಕಟ್ಟಿಕೊಟ್ಟಿದ್ದೆ. ಅವರು ಹೋದ ಮೇಲೆ ಕುಕ್ಕರಿನಲ್ಲಿ ಉಳಿದ ಕಾಳು ಬಾಯಿಗೆ ಹಾಕಿಕೊಂಡರೆ ಕಟಕ್ ಅಂತು. ಅರೆಬೆಂದ ರಾಜ್ಮಾ ವಿಷವಂತೆ ಎಂದು ಮಗಳು ಫೋನ್ ನೋಡಿಕೊಂಡು ಮಲಯಾಳದಲ್ಲೇ ಹೆದರಿಸಿದಳು.

ಎಂಟನೇ ಸಲಕ್ಕೆ ಯಜಮಾನರು ಫೋನ್ ಎತ್ತಿದರು.

"ರೀ, ಬುರಿಟೊ ತಿನ್ನಬೇಡಿ, ಕಾಳು ಬೆಂದಿಲ್ಲ."

"ನಾನು ತಿನ್ನಲಿಲ್ಲ ಕಣೇ," ಎಂದರು. "ಪಕ್ಕದ ಸೀಟಿನ ಮಲಯಾಳಿ ಅಣ್ಣ, ಒಬ್ಬ ಚೇಟ್ಟನಿಗೆ ಕೊಟ್ಟೆ. ಎರಡೂ ತಿಂದು, ತುಂಬಾ ಚೆನ್ನಾಗಿದೆ ಅಂತ ಹೇಳಿ ವೈಟ್ಟಿಲ ಸ್ಟಾಪಿನಲ್ಲಿ ಇಳಿದುಹೋದರು."

ನನ್ನ ಬುರಿಟೊವನ್ನು ಇದುವರೆಗೆ ಮೆಚ್ಚಿದ್ದು ಅವರೊಬ್ಬರೇ. ಹೊಟ್ಟೆ ಹೇಗಿದೆ ಅಂತ ಕೇಳೋಣವೆಂದರೆ ಅವರ ಹೆಸರೂ ಗೊತ್ತಿಲ್ಲ.