ಹದಿನೆಂಟು ದಿನದ ಕೊನೆಯ ಕಂತು

ಮಾಲೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಗುಮಾಸ್ತ ವಿದ್ಯಾಧೀಶರಿಗೆ ‘ಏಳನೇ ಮೈಲಿಕಲ್ಲು’ ಎಂಬ ಪತ್ತೇದಾರಿ ಧಾರಾವಾಹಿ ಎಂದರೆ ಪ್ರಾಣ. ಆರು ವರ್ಷವೂ ಹಿಂದಿನ ದಿನದ ಕಂತನ್ನು ಬೆಳಿಗ್ಗೆ ಬೋಗಿಯವರಿಗೆಲ್ಲ ಅಭಿನಯಿಸಿ ಹೇಳಿದ್ದಾರೆ, ಬೇಕಾದ ಕಡೆ ಹೆಂಗಸಿನ ದನಿಯಲ್ಲಿ ಅತ್ತೂ ಇದ್ದಾರೆ. ಧಾರಾವಾಹಿ ಮುಗಿದ ಮರುದಿನ ‘ಆಪ್ತರ ವಿಯೋಗ’ ಎಂದು ಬರೆದು ರಜೆ ಹಾಕಿದರು; ಮ್ಯಾನೇಜರ್ ಫೋನ್ ಮಾಡಿ “ಎಷ್ಟು ವಯಸ್ಸಾಗಿತ್ತು?” ಎಂದಾಗ “ಆರು ವರ್ಷ ಸಾರ್” ಎಂದದ್ದು ಸುಳ್ಳೇನಲ್ಲ. ಇನ್ನು ಹೇಳಲು ಉಳಿದದ್ದು ಕೊನೆಯ ಕಂತೊಂದೇ ಎಂದು ಅದನ್ನೇ ಚೂರುಚೂರು ಮಾಡಿ ಹಂಚತೊಡಗಿದರು. ಇವತ್ತಿಗೆ ಹದಿನೆಂಟು ದಿನ; ಇನ್ಸ್‌ಪೆಕ್ಟರ್ ಮಾಧವಿ ಕೊಲೆಗಾರನ ಬಾಗಿಲಲ್ಲಿ ಇನ್ನೂ ನಿಂತೇ ಇದ್ದಾಳೆ. “ಬಾಗಿಲು ತಟ್ತಾಳೋ ಇಲ್ವೋ ಸಾರ್?” ಎಂದು ಗಾರ್ಮೆಂಟ್ಸ್‌ಗೆ ಹೋಗುವ ಆಶಾರಾಣಿ ಕೇಳಿದರೆ, “ತಟ್ತಾಳೆ ಕಣಮ್ಮ, ರೈಲೇ ಲೇಟು, ನಿಂಗೇನು ಅರ್ಜೆಂಟು?” ಎನ್ನುತ್ತಾರೆ. ಇವತ್ತು ದಾರಿಯಲ್ಲಿ ಹತ್ತಿದ ಹೊಸಬನೊಬ್ಬ, “ಕೊಲೆಗಾರ ಅವಳ ತಮ್ಮನೇ ಅಲ್ವಾ?” ಎಂದುಬಿಟ್ಟ. ವಿದ್ಯಾಧೀಶರ ಮುಖ ಇಳಿದುಹೋಯಿತು. ನಾಳೆಯಿಂದ ತಮ್ಮ ಮಾತು ಯಾರಿಗೆ ಬೇಕು? ಆಶಾರಾಣಿ ಹೊಸಬನನ್ನು ಮೆಲ್ಲಗೆ ಗದರಿದಳು: “ಸುಮ್ನಿರಣ್ಣಾ, ನಾವೆಲ್ಲ ಅವತ್ತೇ ನೋಡಿದೀವಿ.” ಆಮೇಲೆ ಇತ್ತ ತಿರುಗಿದಳು. “ನೀವ್ ಹೇಳಿ ಸಾರ್. ನಿನ್ನೆ ಗಾಳಿ ಬೀಸ್ತಿತ್ತು ಅನ್ನೋವರ್ಗೂ ಬಂದಿದ್ರಿ.”