ಎಲ್ಲರೂ ಉಲ್ಲೇಖಿಸಿದ ಲೇಖನ

ಎಪ್ಪತ್ತರ ದಶಕದಲ್ಲಿ ನಾನೊಂದು ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿದ್ದೆ. ಯಾರ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಅಂತ ಕಾರ್ಡುಗಳಲ್ಲಿ ಬರೆದು ಎಣಿಸುವ ಕೆಲಸ. ರೇಷ್ಮೆಹುಳುವಿನ ರೋಗದ ಬಗೆಗಿನ ಲೇಖನವೊಂದು ಎಲ್ಲಕ್ಕಿಂತ ಮುಂದಿತ್ತು. ಬರೆದವರು ಎಸ್. ಕಮಲಾ. ಆಮೇಲೆ ಅವರು ಇನ್ನೊಂದು ಲೇಖನವನ್ನೂ ಬರೆದಿರಲಿಲ್ಲ. ಕುತೂಹಲ ತಡೆಯದೆ ವಿಚಾರಿಸಿಕೊಂಡು ರಾಜಾಜಿನಗರದ ಅವರ ಮನೆಗೆ ಹೋದೆ.

ಬಾಗಿಲು ತೆಗೆದ ಕಮಲಾ ಅವರ ಕೈಗೆಲ್ಲ ಹಪ್ಪಳದ ಹಿಟ್ಟು ಮೆತ್ತಿತ್ತು. ಲೇಖನ ತೋರಿಸಿದೆ.

"ಇದು ಅಚ್ಚಾಗಿದೆಯಾ? ಮದುವೆಯಾಗಿ ಕೆಲಸ ಬಿಟ್ಟಾಗ ಇದರ ಕರಡನ್ನ ನನ್ನ ಗೈಡ್ ಪ್ರೊಫೆಸರ್ ಮೇಜಿನ ಮೇಲಿಟ್ಟು ಬಂದಿದ್ದೆ. ಕಸಕ್ಕೆ ಹೋಗಿರುತ್ತೆ ಅಂದ್ಕೊಂಡಿದ್ದೆ."

"ಎಷ್ಟೋ ದೇಶದವರು ಇದನ್ನ ಉಲ್ಲೇಖಿಸಿದ್ದಾರೆ, ಮೇಡಂ."

ಅವರು ಸೆರಗಿಗೆ ಕೈ ಒರೆಸಿಕೊಂಡು ನಿಂತಲ್ಲೇ ಓದತೊಡಗಿದರು. ಎರಡನೇ ಪುಟದಲ್ಲಿ ಬೆರಳು ನಿಂತಿತು.

"ಅಯ್ಯೋ ದೇವರೇ! ಹುಳ ಸಾಕೋ ಕೋಣೆಯ ಬಿಸಿ ಎರಡೂವರೆ ಡಿಗ್ರಿ ಏರಿಸಬೇಕು ಅಂತ ನಾನು ಬರೆದಿದ್ದು. ಚುಕ್ಕಿ ಬಿಟ್ಟು ಇಪ್ಪತ್ತೈದು ಅಂತ ಹಾಕಿದ್ದಾರೆ. ಹುಳ ಬೆಂದೇ ಹೋಗುತ್ತಲ್ರೀ! ಇಷ್ಟು ವರ್ಷದಲ್ಲಿ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಉಲ್ಲೇಖಿಸಿದ ಅಷ್ಟೂ ಜನರಲ್ಲಿ ಒಬ್ಬರಾದರೂ ಅದನ್ನು ಓದಿದ್ದರೋ ಇಲ್ಲವೋ! ಎಣಿಸಿದ ನಾನಂತೂ ಓದಿರಲಿಲ್ಲ.